ಮಿದುಳಿನ ರಕ್ತಹರಿವಿನಲ್ಲಿ ಕಿರುಹೆಪ್ಪುಗಳನ್ನು ಯಂತ್ರದಿಂದ ಗುರುತಿಸುವುದು: ದಾಖಲೆಯಿಂದ ವರದಿಯವರೆಗೆ

ಕುತ್ತಿಗೆಯ ಕ್ಯಾರೋಟಿಡ್ ಅಪಧಮನಿಯ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ಅದು ಬಿರುಕು ಬಿಟ್ಟಾಗ, ಹೃದಯದ ಮೇಲ್ಕೋಣೆ ಲಯ ತಪ್ಪಿ ಅದರೊಳಗೆ ರಕ್ತ ನಿಂತಾಗ, ಅಥವಾ ಹೃದಯಕ್ಕೆ ಕೃತಕ ಕವಾಟ ಅಳವಡಿಸಿದಾಗ, ಕಣ್ಣಿಗೆ ಕಾಣದಷ್ಟು ಸಣ್ಣ ಹೆಪ್ಪುಗಳು ಕಳಚಿಕೊಂಡು ರಕ್ತದೊಂದಿಗೆ ಮಿದುಳಿನತ್ತ ಸಾಗಬಹುದು. ಅವುಗಳಲ್ಲಿ ಬಹುಪಾಲು ಯಾವ ಲಕ್ಷಣವನ್ನೂ ತೋರದೆ ಕರಗಿಹೋಗುತ್ತವೆ. ಆದರೂ ಅವು ಸಾಗುತ್ತಿವೆ ಎಂಬುದೇ ವೈದ್ಯರಿಗೆ ದೊಡ್ಡ ಸುಳಿವು. ಲಕ್ಷಣಗಳಿಲ್ಲದಿದ್ದರೂ ಕ್ಯಾರೋಟಿಡ್ ಕನಿಷ್ಠ ಶೇ. 70ರಷ್ಟು ಕಿರಿದಾಗಿದ್ದ 467 ಜನರನ್ನು ಗಮನಿಸಿ 2010ರಲ್ಲಿ ಪ್ರಕಟವಾದ ‘ಏಸಸ್’ ಅಧ್ಯಯನದಲ್ಲಿ 77 ಮಂದಿಗೆ ಇಂತಹ ಹೆಪ್ಪು ಹಾದುಹೋಗುವಾಗ ಅಲ್ಟ್ರಾಸೌಂಡ್‌ನಲ್ಲಿ ಮೂಡುವ ಸಂಕೇತಗಳು ಕಂಡುಬಂದವು. ಸಂಕೇತವಿದ್ದವರಲ್ಲಿ ಆ ಕ್ಯಾರೋಟಿಡ್‌ನ ಪಕ್ಕದಲ್ಲೇ ಪಾರ್ಶ್ವವಾಯು ಆಗುವ ವಾರ್ಷಿಕ ಅಪಾಯ ಶೇ. 3.62 ಇದ್ದರೆ, ಇಲ್ಲದವರಲ್ಲಿ ಅದು ಶೇ. 0.70 ಮಾತ್ರ. ಅದಕ್ಕೂ ಮೊದಲು, 2005ರ ‘ಕ್ಯಾರೆಸ್’ ಪ್ರಯೋಗವು ಈ ಸಂಕೇತಗಳನ್ನೇ ಔಷಧಿಯ ಅಳತೆಗೋಲಾಗಿ ಬಳಸಿತ್ತು: ಆಸ್ಪಿರಿನ್ ಒಂದನ್ನೇ ತೆಗೆದುಕೊಂಡವರಲ್ಲಿ ಏಳನೆಯ ದಿನ ಶೇ. 72.7ರಷ್ಟು ಜನರಲ್ಲಿ ಸಂಕೇತ ಉಳಿದಿತ್ತು, ಜೊತೆಗೆ ಹೆಪ್ಪುಗಟ್ಟುವುದನ್ನು ತಡೆಯುವ ಇನ್ನೊಂದು ಔಷಧಿ ಕ್ಲೋಪಿಡೋಗ್ರೆಲ್ ಪಡೆದವರಲ್ಲಿ ಶೇ. 43.8ರಷ್ಟು ಜನರಲ್ಲಿ ಮಾತ್ರ.

ಈ ಸಂಕೇತಗಳನ್ನು ಹಿಡಿಯುವ ಉಪಕರಣವೇ ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್, ಅಂದರೆ ಟಿಸಿಡಿ. ತಲೆಬುರುಡೆಯ ತೆಳುವಾದ ಭಾಗದ ಮೂಲಕ 2 ಮೆಗಾಹರ್ಟ್ಝ್ ಅಲ್ಟ್ರಾಸೌಂಡ್ ಹಾಯಿಸಿ ಮಿದುಳಿನ ಬುಡದ ಅಪಧಮನಿಗಳ ಹರಿವನ್ನು ಅಳೆಯಬಹುದೆಂದು ರೂನೆ ಆಸ್ಲಿಡ್ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದರು. ಮುಳುಗುಗಾರರ ರಕ್ತದಲ್ಲಿ ಏಳುವ ಅನಿಲದ ಗುಳ್ಳೆಗಳನ್ನು ಡಾಪ್ಲರ್‌ನಿಂದ ಕೇಳುತ್ತಿದ್ದ ಸಿಯಾಟಲ್‌ನ ಮೆರಿಲ್ ಸ್ಪೆನ್ಸರ್, ಕ್ಯಾರೋಟಿಡ್ ಶಸ್ತ್ರಚಿಕಿತ್ಸೆಯ ವೇಳೆ ಮಿದುಳಿನತ್ತ ಹೋಗುವ ಕಣಗಳನ್ನೂ ಹೀಗೆಯೇ ಕೇಳಬಹುದೆಂದು 1990ರಲ್ಲಿ ವರದಿ ಮಾಡಿದರು. ಅಂದಿನಿಂದ ಇಂದಿನವರೆಗೂ ಈ ವಿದ್ಯೆ ಮುಖ್ಯವಾಗಿ ಕಿವಿಯ ವಿದ್ಯೆ. ಅನುಭವಿಯೊಬ್ಬರು ಹೆಡ್‌ಫೋನ್ ಹಾಕಿಕೊಂಡು ಗಂಟೆಗಟ್ಟಲೆ ಕುಳಿತು ಕೇಳಬೇಕು. ಆ ಗಂಟೆಗಳನ್ನು ಉಳಿಸುವ ಯಂತ್ರವನ್ನು ಕಟ್ಟಬಯಸುವ ಎಂಜಿನಿಯರ್‌ಗಳಿಗೆ, ಸಂಶೋಧನಾ ವಿದ್ಯಾರ್ಥಿಗಳಿಗೆ ಮತ್ತು ಟಿಸಿಡಿ ತಂತ್ರಜ್ಞರಿಗೆ ಈ ಬರಹ ಮೀಸಲು.

ಆರಂಭದಲ್ಲೇ ಒಂದು ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಸಂಕೇತವನ್ನು ಸುಮಾರು 5 ಮಿಲಿಸೆಕೆಂಡಿಗೊಂದು ತುಣುಕಾಗಿ ಪರೀಕ್ಷಿಸಿದರೆ ಒಂದು ಗಂಟೆಯಲ್ಲಿ ಏಳು ಲಕ್ಷದಷ್ಟು ತುಣುಕುಗಳಾಗುತ್ತವೆ. ಅವುಗಳಲ್ಲಿ ನಿಜವಾದ ಕಿರುಹೆಪ್ಪು ಎರಡೋ ಮೂರೋ ಇದ್ದೀತು, ಇಲ್ಲದೆಯೂ ಇದ್ದೀತು. ಹತ್ತು ಸಾವಿರ ತುಣುಕಿಗೆ ಒಂದೇ ಒಂದು ತಪ್ಪು ಮಾಡುವ ಯಂತ್ರವೂ ಗಂಟೆಗೆ ಎಪ್ಪತ್ತು ಹುಸಿ ಎಚ್ಚರಿಕೆ ಕೊಡುತ್ತದೆ. ಹೀಗಾಗಿ ಇದು ಕಾಳನ್ನು ಹುಡುಕುವ ಕೆಲಸಕ್ಕಿಂತ ಹೊಟ್ಟನ್ನು ತೂರುವ ಕೆಲಸ. ಕೆಳಗಿನ ಹಂತಗಳಲ್ಲಿ ತೂರುವುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಹೊಸಬರು ಬಹಳ ಇಷ್ಟಪಡುವ ನ್ಯೂರಲ್ ನೆಟ್‌ವರ್ಕ್‌ಗೆ ಕಡಿಮೆ ಜಾಗ ಕೊಟ್ಟಿದ್ದೇನೆ.

ಯಾವುದನ್ನು ಹುಡುಕುತ್ತಿದ್ದೇವೆ

ಕೆಂಪು ರಕ್ತಕಣದ ಅಗಲ ಸುಮಾರು 7 ಮೈಕ್ರೋಮೀಟರ್. ಕೋಟಿಗಟ್ಟಲೆ ಕಣಗಳು ಒಟ್ಟಾಗಿ ಅಲ್ಟ್ರಾಸೌಂಡನ್ನು ಚದುರಿಸುವುದರಿಂದ ಡಾಪ್ಲರ್‌ನಲ್ಲಿ ‘ಹುಶ್ ಹುಶ್’ ಎಂಬ ನಾಡಿಬಡಿತದ ಸದ್ದು ಕೇಳಿಸುತ್ತದೆ. ಇದೇ ಹಿನ್ನೆಲೆ. ಅದರ ನಡುವೆ ಹಾಯುವ ಹೆಪ್ಪು ರಕ್ತಕಣಕ್ಕಿಂತ ಬಹಳ ದೊಡ್ಡದು. ಅದು ಹರಿವಿನ ಜೊತೆ ಒಂದೇ ವೇಗದಲ್ಲಿ ಸಾಗುವುದರಿಂದ ಅದರ ಪ್ರತಿಧ್ವನಿ ಕಿರಿದಾದ ಆವರ್ತನ ಪಟ್ಟಿಯಲ್ಲಿ, ಅಲ್ಪಕಾಲ, ಹಿನ್ನೆಲೆಗಿಂತ ಗಟ್ಟಿಯಾಗಿ ಕೇಳುತ್ತದೆ. 1995ರ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆ ಇದನ್ನೇ ನಾಲ್ಕು ಲಕ್ಷಣಗಳಲ್ಲಿ ಹಿಡಿದಿಟ್ಟಿತು: ಸಂಕೇತವು ಕ್ಷಣಿಕವಾಗಿದ್ದು ಸಾಮಾನ್ಯವಾಗಿ 300 ಮಿಲಿಸೆಕೆಂಡಿಗಿಂತ ಕಡಿಮೆ ಇರಬೇಕು, ಹಿನ್ನೆಲೆಗಿಂತ ಕನಿಷ್ಠ 3 ಡೆಸಿಬೆಲ್ ಹೆಚ್ಚಿರಬೇಕು, ಹರಿವಿನ ದಿಕ್ಕಿನಲ್ಲಿ ಮಾತ್ರ, ಹರಿವಿನ ವೇಗದ ಮಿತಿಯೊಳಗೆ ಕಾಣಬೇಕು, ಜೊತೆಗೆ ಚಿಟಿಕೆಯಂತೆಯೋ ಹಕ್ಕಿಯ ‘ಚಿಂವ್’ ಎಂಬಂತೆಯೋ ನರಳಿಕೆಯಂತೆಯೋ ವಿಶಿಷ್ಟವಾದ ಸದ್ದು ಇರಬೇಕು.

ಆ ಸದ್ದು ನಮ್ಮ ಕಿವಿಗೆ ಕೇಳುವ ವ್ಯಾಪ್ತಿಯಲ್ಲೇ ಬೀಳುತ್ತದೆ ಎಂಬುದು ಪ್ರಕೃತಿಯ ಒಂದು ಉಪಕಾರ. 2 ಮೆಗಾಹರ್ಟ್ಝ್ ಅಲೆ, ಅಂಗಾಂಶದಲ್ಲಿ ಸೆಕೆಂಡಿಗೆ 1,540 ಮೀಟರ್ ಧ್ವನಿವೇಗ, ಪ್ರೋಬಿನತ್ತ (ಅಲೆ ಕಳಿಸಿ ಪ್ರತಿಧ್ವನಿ ಹಿಡಿಯುವ ಸಾಧನದತ್ತ) ಸೆಕೆಂಡಿಗೆ 60 ಸೆಂಟಿಮೀಟರ್ ಹರಿವು ಎಂದಿಟ್ಟುಕೊಂಡರೆ ಡಾಪ್ಲರ್ ಪಲ್ಲಟ, ಅಂದರೆ ಹರಿವಿನಿಂದ ಪ್ರತಿಧ್ವನಿಯ ಆವರ್ತನದಲ್ಲಾಗುವ ಬದಲಾವಣೆ, ಸುಮಾರು 1,560 ಹರ್ಟ್ಝ್ ಆಗುತ್ತದೆ.

ಮೊದಲ ಹಂತ: ಒಳ್ಳೆಯ ದಾಖಲೆ

ಮಧ್ಯ ಸೆರೆಬ್ರಲ್ ಅಪಧಮನಿಯೇ ಸಾಮಾನ್ಯ ಆಯ್ಕೆ. ಕ್ಯಾರೋಟಿಡ್‌ನಿಂದ ಮಿದುಳಿಗೆ ಹೋಗುವ ರಕ್ತದ ದೊಡ್ಡ ಪಾಲು ಅದರ ಮೂಲಕವೇ ಹೋಗುತ್ತದೆ. ಜೊತೆಗೆ ಅದು ಪ್ರೋಬಿನತ್ತ ಬಹುತೇಕ ನೇರವಾಗಿ ಬರುತ್ತದೆ. ಕಣ್ಣಿಗೂ ಕಿವಿಗೂ ನಡುವಿನ ಕಣತಲೆಯಲ್ಲಿ, ಕೆನ್ನೆಯ ಮೂಳೆಯ ಕಮಾನಿಗೆ ತುಸು ಮೇಲೆ ಜೆಲ್ ಹಚ್ಚಿ ಪ್ರೋಬ್ ಇಟ್ಟು, 45ರಿಂದ 60 ಮಿ.ಮೀ. ಆಳದಲ್ಲಿ ಹುಡುಕಬೇಕು. ಮೂಳೆ ದಪ್ಪವಾಗಿರುವ ಕೆಲವರಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ಈ ಕಿಂಡಿ ತೆರೆಯುವುದೇ ಇಲ್ಲ. ಅಂತಹವರ ದಾಖಲೆಯನ್ನು ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ) ಏರಿಸಿ ಬಲವಂತವಾಗಿ ಮಾಡುವುದಕ್ಕಿಂತ ‘ದಾಖಲಿಸಲಾಗಲಿಲ್ಲ’ ಎಂದು ಬರೆದು ಬಿಡುವುದು ಒಳ್ಳೆಯದು, ಏಕೆಂದರೆ ಮಂಕು ಹಿನ್ನೆಲೆಯ ಮೇಲೆ ಮಾಡಿದ ಎಲ್ಲ ಅಳತೆಗಳೂ ಸುಳ್ಳಾಗುತ್ತವೆ.

ಪ್ರೋಬನ್ನು ಕೈಯಲ್ಲಿ ಹಿಡಿದು ಒಂದು ಗಂಟೆ ಕೂರಲಾಗದು. ತಲೆಗೆ ಬಿಗಿಯುವ ಚೌಕಟ್ಟು ಬೇಕೇ ಬೇಕು. ಸ್ಥಿರವಾಗಿ ಬಿಗಿದ ಮೇಲೂ ಹತ್ತು ನಿಮಿಷಕ್ಕೊಮ್ಮೆ ಹಿನ್ನೆಲೆಯ ಬಲವನ್ನು ನೋಡಿಕೊಳ್ಳಬೇಕು. ಗೇನ್ ಸಾಧ್ಯವಾದಷ್ಟು ಕಡಿಮೆ ಇರಲಿ: ರಕ್ತದ ಹರಿವು ಪರದೆಯ ಮೇಲೆ ಮಸುಕಾಗಿ ಕಂಡರೆ ಸಾಕು, ಹೆಪ್ಪು ಅದರ ಮೇಲೆ ಎದ್ದು ಕಾಣುತ್ತದೆ. ಸಾಮಾನ್ಯ ಟಿಸಿಡಿ ಪರೀಕ್ಷೆಯಲ್ಲಿ ಚಿತ್ರ ಚೆನ್ನಾಗಿ ಕಾಣಲೆಂದು ಗೇನ್ ಏರಿಸುವ ಅಭ್ಯಾಸವಿರುವ ತಂತ್ರಜ್ಞರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ದಾಖಲೆಯ ಅವಧಿ ಕನಿಷ್ಠ ಅರ್ಧ ಗಂಟೆ, ಸಾಧ್ಯವಿದ್ದರೆ ಒಂದು ಗಂಟೆ. ಸಾಧ್ಯವಾದ ಕಡೆ ಎರಡೂ ಪಕ್ಕದ ಅಪಧಮನಿಗಳನ್ನು ಒಟ್ಟಿಗೆ ದಾಖಲಿಸಬೇಕು. ಒಂದೇ ಪಕ್ಕದಲ್ಲಿ ಸಂಕೇತ ಬಂದರೆ ಮೂಲ ಆ ಪಕ್ಕದ ಕ್ಯಾರೋಟಿಡ್‌ನಲ್ಲಿರುವ ಸಾಧ್ಯತೆ ಹೆಚ್ಚು; ಎರಡೂ ಕಡೆ ಬಂದರೆ ಹೃದಯವನ್ನೋ ಮಹಾಪಧಮನಿಯನ್ನೋ ಅನುಮಾನಿಸಬೇಕು.

ತಂತ್ರಾಂಶ ಬರೆಯುವವರು ಇಲ್ಲಿ ಬಿಡದೆ ಕೇಳಬೇಕಾದ ಒಂದು ವಿಷಯವಿದೆ. ಪರದೆಯ ಚಿತ್ರವನ್ನೋ ಧ್ವನಿಮುದ್ರಿಕೆಯನ್ನೋ ಅಲ್ಲ, ಎರಡು ಚಾನೆಲ್‌ಗಳ ಮೂಲ ಡಾಪ್ಲರ್ ದತ್ತಾಂಶವನ್ನೇ 16 ಬಿಟ್‌ನಲ್ಲಿ ಉಳಿಸಿಕೊಡಬೇಕೆಂದು ಕೇಳಿ. 8 ಬಿಟ್‌ನ ವ್ಯಾಪ್ತಿ ಸುಮಾರು 48 ಡೆಸಿಬೆಲ್ ಮಾತ್ರ. ಜೋರಾದ ಸಂಕೇತ ಬಂದಾಗ ಅದು ತುಂಬಿ ಕತ್ತರಿಸಿದಂತಾಗುತ್ತದೆ. ಜಾಗದ ಚಿಂತೆ ಬೇಡ. ಸೆಕೆಂಡಿಗೆ 6,000 ಮಾದರಿಗಳಂತೆ ಎರಡು ಚಾನೆಲ್ ಉಳಿಸಿದರೂ ಒಂದು ಆಳಕ್ಕೆ ಗಂಟೆಗೆ ತೊಂಬತ್ತು ಮೆಗಾಬೈಟ್‌ಗಿಂತ ಕಡಿಮೆ.

ಎರಡನೆಯ ಹಂತ: ಎರಡು ಆಳಗಳಲ್ಲಿ ಕೇಳುವುದು

ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತಿ ಬೆಲೆಬಾಳುವ ಭಾಗ ಇದು. ಒಂದೇ ಅಪಧಮನಿಯನ್ನು ಎರಡು ಆಳಗಳಲ್ಲಿ, ನಡುವೆ ಕನಿಷ್ಠ 5 ಮಿ.ಮೀ. ಅಂತರವಿಟ್ಟು, ಒಟ್ಟಿಗೆ ದಾಖಲಿಸಬೇಕು. ಮಧ್ಯ ಸೆರೆಬ್ರಲ್ ಅಪಧಮನಿಯಲ್ಲಿ ರಕ್ತ ಪ್ರೋಬಿನತ್ತ ಬರುವುದರಿಂದ ನಿಜವಾದ ಕಿರುಹೆಪ್ಪು ಮೊದಲು ಆಳದ ಗೇಟ್‌ನಲ್ಲಿ (ಹೀಗೆ ಕೇಳುವ ಒಂದೊಂದು ಆಳವೂ ಒಂದು ಗೇಟ್), ಆಮೇಲೆ ಮೇಲಿನ ಗೇಟ್‌ನಲ್ಲಿ ಕಾಣುತ್ತದೆ. ರೋಗಿ ಕೆಮ್ಮಿದರೆ, ಪ್ರೋಬ್ ಅಲುಗಿದರೆ, ತಂತಿ ಎಳೆದರೆ, ಎರಡೂ ಗೇಟ್‌ಗಳಲ್ಲಿ ಒಂದೇ ಕ್ಷಣಕ್ಕೆ ಕಾಣುತ್ತದೆ.

ಈ ವಿಳಂಬವನ್ನು ಹರಿವಿನ ವೇಗದೊಂದಿಗೆ ತಾಳೆ ನೋಡಬಹುದು ಎಂಬುದು ಇನ್ನೂ ದೊಡ್ಡ ಲಾಭ. ಸಂಕೇತದ ಆವರ್ತನ 1,300 ಹರ್ಟ್ಝ್ ಇದ್ದರೆ ವೇಗ ಸೆಕೆಂಡಿಗೆ ಸುಮಾರು 50 ಸೆಂ.ಮೀ.; 5 ಮಿ.ಮೀ. ದಾಟಲು ಅದಕ್ಕೆ 10 ಮಿಲಿಸೆಕೆಂಡ್ ಬೇಕು. ಅಳೆದ ವಿಳಂಬ 1 ಮಿಲಿಸೆಕೆಂಡ್ ಎಂದು ಬಂದರೆ ಅದು ಹೆಪ್ಪಲ್ಲ. ಮಾದರಿ ಗಾತ್ರ, ಅಂದರೆ ಒಂದು ಗೇಟ್ ಒಮ್ಮೆಗೆ ಕೇಳುವ ಜಾಗ, 8ರಿಂದ 10 ಮಿ.ಮೀ. ಉದ್ದವಿದ್ದು ಗೇಟ್‌ಗಳ ನಡುವೆ 5 ಮಿ.ಮೀ. ಮಾತ್ರ ಇದ್ದಾಗ ಎರಡೂ ಒಂದರ ಮೇಲೊಂದು ಬಿದ್ದು ವಿಳಂಬ ಮಸುಕಾಗುತ್ತದೆ, ಆದರೆ ಅಳಿದುಹೋಗುವುದಿಲ್ಲ. ಸಂಕೇತದ ತೂಕದ ಕೇಂದ್ರ ಎಷ್ಟು ಸರಿಯಿತೆಂದು ನೋಡಿದರೆ ಸಿಗುತ್ತದೆ. ಗೇಟ್‌ಗಳನ್ನು ಹತ್ತಾರು ಮಾಡಿ ಆಳವನ್ನು ಲಂಬ ಅಕ್ಷದ ಮೇಲೆ ತೋರಿಸುವ ಪವರ್ ಎಂ-ಮೋಡ್ 2002ರಿಂದ ಬಳಕೆಗೆ ಬಂದಿದೆ. ಅದರಲ್ಲಿ ಹೆಪ್ಪು ಓರೆಗೆರೆಯಾಗಿ, ಅಲುಗಾಟ ನೆಟ್ಟಗೆ ನಿಂತ ಗೆರೆಯಾಗಿ ಕಾಣುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಮೂರನೆಯ ಹಂತ: ಸಂಕೇತವನ್ನು ಸ್ಪೆಕ್ಟ್ರಮ್ ಆಗಿಸುವುದು

6,000 ಹರ್ಟ್ಝ್ ದರದಲ್ಲಿ 128 ಮಾದರಿಗಳ ಫೂರಿಯರ್ ಪರಿವರ್ತನೆ, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿದೆ ಎಂದು ಬಿಡಿಸುವ ಲೆಕ್ಕ, ಒಳ್ಳೆಯ ಆರಂಭ. ಒಂದು ಕಿಟಕಿ ಸುಮಾರು 21 ಮಿಲಿಸೆಕೆಂಡ್ ಆಗುತ್ತದೆ. ಆವರ್ತನದ ಸೂಕ್ಷ್ಮತೆ 47 ಹರ್ಟ್ಝ್, ಅಂದರೆ ವೇಗದಲ್ಲಿ ಸೆಕೆಂಡಿಗೆ ಸುಮಾರು 1.8 ಸೆಂ.ಮೀ. ಹನಿಂಗ್ ಕಿಟಕಿ ಬಳಸಿದಾಗ ಅಂಚಿನ ಮಾದರಿಗಳ ತೂಕ ಸೊನ್ನೆಗೆ ಇಳಿಯುತ್ತದೆ. 10 ಮಿಲಿಸೆಕೆಂಡಿನ ಹೆಪ್ಪು ಸರಿಯಾಗಿ ಎರಡು ಕಿಟಕಿಗಳ ಸಂದಿಯಲ್ಲಿ ಹಾದುಹೋದರೆ ಅದರ ಬಹುಪಾಲು ಶಕ್ತಿ ಲೆಕ್ಕಕ್ಕೇ ಸಿಗುವುದಿಲ್ಲ. ಆದ್ದರಿಂದ ಕಿಟಕಿಗಳು ಒಂದರ ಮೇಲೊಂದು ಕನಿಷ್ಠ ಅರ್ಧದಷ್ಟು ಹಾಯಬೇಕು. ನಾನು ಮುಕ್ಕಾಲು ಭಾಗ ಹಾಯಿಸುತ್ತೇನೆ, ಅಂದರೆ ಪ್ರತಿ 32 ಮಾದರಿಗೊಮ್ಮೆ ಹೊಸ ಕಿಟಕಿ.

ಎರಡು ಚಾನೆಲ್‌ಗಳನ್ನು ಸಂಕೀರ್ಣ ಸಂಖ್ಯೆಯಾಗಿ ಸೇರಿಸಿ ಪರಿವರ್ತಿಸಿದರೆ ಪ್ರೋಬಿನತ್ತ ಬರುವ ಹರಿವು ಒಂದು ಬದಿಗೆ, ದೂರ ಹೋಗುವುದು ಇನ್ನೊಂದು ಬದಿಗೆ ಬೇರ್ಪಡುತ್ತದೆ. ಈ ದರದಲ್ಲಿ ಸೆಕೆಂಡಿಗೆ ಸುಮಾರು 115 ಸೆಂ.ಮೀ. ವೇಗದವರೆಗೆ ಮಾತ್ರ ದಿಕ್ಕು ನಂಬಲರ್ಹ. ಅಪಧಮನಿಯೇ ಕಿರಿದಾಗಿರುವ ರೋಗಿಗಳಲ್ಲಿ ವೇಗ ಇದನ್ನು ಮೀರಿ, ಸ್ಪೆಕ್ಟ್ರಮ್‌ನ ತಲೆ ಕಡಿದು ಕೆಳಗೆ ಅಂಟಿಸಿದಂತೆ ಕಾಣುತ್ತದೆ. ಬೇಸ್‌ಲೈನ್ (ಸೊನ್ನೆ ವೇಗದ ಗೆರೆ) ಸರಿಸಿ ಅದನ್ನು ನೇರ ಮಾಡುವುದು ಸಾಮಾನ್ಯ ರೂಢಿ. ಹಾಗೆ ಮಾಡಿದಾಗ ಹಿಮ್ಮುಖ ಹರಿವಿನ ಜಾಗ ಕಿರಿದಾಗಿ, ಮುಂದೆ ಹುಸಿ ಸಂಕೇತ ಗುರುತಿಸಲು ಬೇಕಾಗುವ ಸಾಕ್ಷ್ಯವೇ ಕೈತಪ್ಪುತ್ತದೆ. ದಾಖಲಿಸುವಾಗಲೇ ದರವನ್ನು 8ರಿಂದ 10 ಕಿಲೋಹರ್ಟ್ಝ್‌ಗೆ ಏರಿಸುವುದು ಸರಿಯಾದ ದಾರಿ. 10 ಕಿಲೋಹರ್ಟ್ಝ್‌ನಲ್ಲೂ 77 ಮಿ.ಮೀ. ಆಳದವರೆಗೆ ತಲುಪಬಹುದು, ನಮಗೆ ಅಷ್ಟು ಸಾಕು.

ನಾಲ್ಕನೆಯ ಹಂತ: ಹಿನ್ನೆಲೆಯನ್ನು ಅಳೆಯುವುದು

‘ಹಿನ್ನೆಲೆಗಿಂತ ಇಷ್ಟು ಡೆಸಿಬೆಲ್ ಹೆಚ್ಚು’ ಎನ್ನುವಾಗ ಯಾವ ಹಿನ್ನೆಲೆ ಎಂಬ ಪ್ರಶ್ನೆ ಏಳುತ್ತದೆ. ಹೃದಯ ಸಂಕುಚಿಸಿದಾಗ ಹರಿವು ವೇಗವಾಗಿ, ಸ್ಪೆಕ್ಟ್ರಮ್ ಹರಡಿಕೊಳ್ಳುತ್ತದೆ. ವಿಶ್ರಮಿಸಿದಾಗ ಎಲ್ಲವೂ ಕೆಳಗಿನ ಪಟ್ಟಿಯಲ್ಲಿ ಒತ್ತಾಗುತ್ತದೆ. ಕೊನೆಯ ಕೆಲವು ಸೆಕೆಂಡುಗಳ ಒಟ್ಟು ಸರಾಸರಿಯನ್ನು ಹಿನ್ನೆಲೆಯಾಗಿ ತೆಗೆದುಕೊಂಡರೆ ಪ್ರತಿ ಬಡಿತದ ಏರುಮುಖದಲ್ಲೂ ಒಂದು ‘ಹೆಪ್ಪು’ ಕಾಣಿಸುತ್ತದೆ. ಸರಿಯಾದ ರೀತಿ ಎಂದರೆ ಬಡಿತಗಳನ್ನು ಬೇರ್ಪಡಿಸಿ, ಹಿಂದಿನ ಹತ್ತು ಬಡಿತಗಳ ಇದೇ ಹಂತದಲ್ಲಿ, ಇದೇ ಆವರ್ತನ ಪಟ್ಟಿಯಲ್ಲಿ ಇದ್ದ ಶಕ್ತಿಯ ಮಧ್ಯಾಂಕವನ್ನು ತೆಗೆದುಕೊಳ್ಳುವುದು. ಸರಾಸರಿಯ ಬದಲು ಮಧ್ಯಾಂಕ ಏಕೆಂದರೆ, ಆ ಹತ್ತರಲ್ಲಿ ಒಂದರಲ್ಲಿ ಹೆಪ್ಪು ಹಾದುಹೋಗಿದ್ದರೂ ಅದು ಮಧ್ಯಾಂಕವನ್ನು ಮೇಲೆಳೆಯುವುದಿಲ್ಲ. ಹೃದಯದ ಲಯವೇ ತಪ್ಪಿರುವವರಲ್ಲಿ ‘ಇದೇ ಹಂತ’ ಎಂಬುದಕ್ಕೆ ಅರ್ಥವಿರುವುದಿಲ್ಲ. ಅಲ್ಲಿ ಆ ಕ್ಷಣದ ಸರಾಸರಿ ವೇಗ ಹತ್ತಿರವಿರುವ ತುಣುಕುಗಳನ್ನು ಆರಿಸಿ ಹೋಲಿಸಬೇಕು.

ಸಂಕೇತದ ಶಕ್ತಿಯನ್ನು ಹಿನ್ನೆಲೆಯ ಶಕ್ತಿಯಿಂದ ಭಾಗಿಸಿ, ಹತ್ತರ ಆಧಾರದ ಲಾಗರಿದಮ್ ತೆಗೆದು ಹತ್ತರಿಂದ ಗುಣಿಸಿದರೆ ಡೆಸಿಬೆಲ್ ಬರುತ್ತದೆ. 3 ಡೆಸಿಬೆಲ್ ಎಂದರೆ ಎರಡು ಪಟ್ಟು, 7 ಡೆಸಿಬೆಲ್ ಎಂದರೆ ಐದು ಪಟ್ಟು. ರಕ್ತದ ಹಿನ್ನೆಲೆಯೇ ಯಾದೃಚ್ಛಿಕವಾಗಿ ಏರಿಳಿಯುವುದರಿಂದ 3 ಡೆಸಿಬೆಲ್‌ನಲ್ಲಿ ಹುಸಿಗಳು ಹೇರಳ. ಹಲವು ಅಧ್ಯಯನಗಳು 7 ಡೆಸಿಬೆಲ್ ಬಳಸಿರುವುದು ಇದೇ ಕಾರಣಕ್ಕೆ. ಒಂದು ಉಪಕರಣದ 7 ಡೆಸಿಬೆಲ್ ಇನ್ನೊಂದರ 7 ಡೆಸಿಬೆಲ್ ಅಲ್ಲ. ಕಿಟಕಿಯ ಗಾತ್ರ, ಮಾದರಿ ಗಾತ್ರ, ಹಿನ್ನೆಲೆಯ ಲೆಕ್ಕ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. 1998ರ ಒಮ್ಮತದ ಹೇಳಿಕೆ ಈ ನಿಯತಾಂಕಗಳನ್ನೆಲ್ಲ ಪ್ರತಿ ವರದಿಯಲ್ಲೂ ಬರೆಯಬೇಕೆಂದು ಒತ್ತಾಯಿಸಿತು. ಅಂದಿನ ಯಾವ ಸ್ವಯಂಚಾಲಿತ ವ್ಯವಸ್ಥೆಯೂ ಚಿಕಿತ್ಸೆಯಲ್ಲಿ ಬಳಸುವಷ್ಟು ನಿಖರವಾಗಿಲ್ಲ ಎಂದೂ ಹೇಳಿತು.

ಯಂತ್ರದ ಮೊದಲ ಜರಡಿಯಲ್ಲಿ ಮಿತಿಯನ್ನು ಬೇಕೆಂದೇ ಕೆಳಗೆ, 4 ಡೆಸಿಬೆಲ್‌ನ ಆಸುಪಾಸಿನಲ್ಲಿ ಇಟ್ಟು, ಸಿಕ್ಕಿದ್ದನ್ನೆಲ್ಲ ಶಂಕಿತ ಸಂಕೇತಗಳೆಂದು ಸಂಗ್ರಹಿಸಿ. ಅಕ್ಕಪಕ್ಕದ ಕಿಟಕಿಗಳಲ್ಲಿ ಸಿಕ್ಕವನ್ನು ಒಂದೇ ಘಟನೆಯಾಗಿ ಕೂಡಿಸಿ.

ಐದನೆಯ ಹಂತ: ತೂರುವುದು

ನಾವು ಬರೆದ ಮೊದಲ ತಂತ್ರಾಂಶ ಒಂದು ದಿನ ಹಿರಿಯರೊಬ್ಬರ ಅರ್ಧ ಗಂಟೆಯ ದಾಖಲೆಯಲ್ಲಿ 41 ಕಿರುಹೆಪ್ಪುಗಳಿವೆ ಎಂದು ತೋರಿಸಿತು. ಎಲ್ಲರೂ ಗಾಬರಿಯಾದೆವು. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ 41ಕ್ಕೆ ನಲವತ್ತೊಂದೂ ಒಣ ‘ಟಪ್’ ಸದ್ದುಗಳು. ಒಂದರಲ್ಲೂ ‘ಚಿಂವ್’ ಇರಲಿಲ್ಲ. ದಾಖಲಿಸಿದ ತಂತ್ರಜ್ಞರನ್ನು ವಿಚಾರಿಸಿದಾಗ ನಕ್ಕು ಹೇಳಿದರು: “ಯಜಮಾನರು ದವಡೆಯಲ್ಲಿ ಅಡಿಕೆ ಹೋಳು ಇಟ್ಟುಕೊಂಡೇ ಮಲಗಿದ್ದರು ಸರ್, ಕೊನೆಯಲ್ಲಿ ಎದ್ದು ಉಗಿದಾಗಲೇ ಗೊತ್ತಾಗಿದ್ದು.” ಅಗಿಯುವ ಸ್ನಾಯುವೊಂದು ಕಣತಲೆಯಲ್ಲಿ, ಅಂದರೆ ಪ್ರೋಬಿನ ನೇರ ಅಡಿಯಲ್ಲಿ ಹರಡಿಕೊಂಡಿದೆ. ಹೋಳನ್ನು ಹಲ್ಲಿನ ನಡುವೆ ಒತ್ತಿದಾಗಲೆಲ್ಲ ಅದು ಉಬ್ಬಿ ಪ್ರೋಬನ್ನು ತಳ್ಳುತ್ತಿತ್ತು. ಅಂದಿನಿಂದ ನಮ್ಮ ಪಟ್ಟಿಯ ಮೊದಲ ಸಾಲು ‘ಬಾಯಿ ಮುಕ್ಕಳಿಸಿದ್ದಾರೆಯೇ’ ಎಂಬುದು.

ಹುಸಿಗಳ ಗುಣ ತಿಳಿದರೆ ತೂರುವುದು ಸುಲಭ. ಅಲುಗಾಟದ ಶಕ್ತಿ ಬಹುಪಾಲು 400 ಹರ್ಟ್ಝ್‌ಗಿಂತ ಕೆಳಗೆ, ಬೇಸ್‌ಲೈನಿನ ಎರಡೂ ಬದಿಗೆ ಸಮನಾಗಿ ಬೀಳುತ್ತದೆ. ಹಾಗಾಗಿ ಪ್ರತಿ ಶಂಕಿತ ಸಂಕೇತಕ್ಕೂ ಮುಮ್ಮುಖ ಮತ್ತು ಹಿಮ್ಮುಖ ಶಕ್ತಿಗಳ ಅನುಪಾತ, ಕೆಳಪಟ್ಟಿ ಮತ್ತು ಮೇಲ್ಪಟ್ಟಿಗಳ ಅನುಪಾತ ಲೆಕ್ಕ ಹಾಕಿ. ಮುಮ್ಮುಖ ಶಕ್ತಿಯೇ ಮೇಲುಗೈಯಾಗಿದ್ದು, ಶಿಖರ ಹರಿವಿನ ವೇಗದ ಗೆರೆಯೊಳಗಿದ್ದರೆ ಮುಂದಿನ ಪರೀಕ್ಷೆಗೆ ಬಿಡಿ. ಆಮೇಲೆ ಎರಡು ಗೇಟ್‌ಗಳ ವಿಳಂಬ ನೋಡಿ. ಇಲ್ಲಿ ಸ್ಪೆಕ್ಟ್ರಮ್‌ನಿಂದ ವಿಳಂಬ ಅಳೆಯುವ ತಪ್ಪು ಮಾಡಬೇಡಿ. ಸ್ಪೆಕ್ಟ್ರಮ್‌ನ ಹೆಜ್ಜೆಯೇ 5 ಮಿಲಿಸೆಕೆಂಡಿಗಿಂತ ದೊಡ್ಡದಾಗಿರುವಾಗ 10 ಮಿಲಿಸೆಕೆಂಡಿನ ವಿಳಂಬ ಎರಡೇ ಹೆಜ್ಜೆ. ಶಂಕಿತ ಸಂಕೇತದ ಆವರ್ತನದ ಸುತ್ತ ಮೂಲ ದತ್ತಾಂಶವನ್ನು ಶೋಧಿಸಿ, ಅದರ ಹೊದಿಕೆಯನ್ನು (ಬಲದ ಏರಿಳಿತದ ಗೆರೆಯನ್ನು) ಲೆಕ್ಕ ಹಾಕಿ, ಎರಡು ಗೇಟ್‌ಗಳ ಹೊದಿಕೆಗಳನ್ನು ಒಂದರ ಮೇಲೊಂದು ಸರಿಸಿ ಹೊಂದಿಕೆ ಎಲ್ಲಿ ಹೆಚ್ಚೆಂದು ನೋಡಿದರೆ ವಿಳಂಬ ಮಿಲಿಸೆಕೆಂಡಿನ ಭಾಗದವರೆಗೆ ಸಿಗುತ್ತದೆ.

ಒಂದು ಬಲೆ ಇಲ್ಲಿದೆ. ಬಹಳ ಜೋರಾದ ಸಂಕೇತ, ಸಾಮಾನ್ಯವಾಗಿ ಗಾಳಿಗುಳ್ಳೆಯದು, ಉಪಕರಣದ ವ್ಯಾಪ್ತಿಯನ್ನು ಮೀರಿದಾಗ ಅದರ ನೆರಳು ಹಿಮ್ಮುಖ ಬದಿಯಲ್ಲೂ ಮೂಡುತ್ತದೆ. ‘ಎರಡೂ ಬದಿಗೆ ಕಂಡರೆ ಹುಸಿ’ ಎಂಬ ನಿಯಮ ಅದನ್ನು ಹೊರಗೆ ಹಾಕಿಬಿಡುತ್ತದೆ. ಆದ್ದರಿಂದ ನಿಯಮ ಅನ್ವಯಿಸುವ ಮೊದಲು ಮಾದರಿಗಳು ಗರಿಷ್ಠ ಮಟ್ಟಕ್ಕೆ ತಾಗಿವೆಯೇ ಎಂದು ನೋಡಿ, ತಾಗಿದ್ದರೆ ಆ ಘಟನೆಯನ್ನು ಬೇರೆ ಬುಟ್ಟಿಗೆ ಹಾಕಿ ಮನುಷ್ಯರ ಕಿವಿಗೆ ಒಪ್ಪಿಸಿ.

ಆರನೆಯ ಹಂತ: ವರ್ಗೀಕರಣ

ತೂರಿ ಉಳಿದ ಸಂಕೇತಗಳಿಗೆ ಅವಧಿ, ಗರಿಷ್ಠ ಡೆಸಿಬೆಲ್, ಶಿಖರದ ಆವರ್ತನ, ಪಟ್ಟಿಯ ಅಗಲ, ಏರುವ ಮತ್ತು ಇಳಿಯುವ ಕಾಲ, ಗೇಟ್ ವಿಳಂಬ ಎಂಬ ಏಳೆಂಟು ಅಳತೆಗಳನ್ನು ಕೊಟ್ಟು, ಲಾಜಿಸ್ಟಿಕ್ ರಿಗ್ರೆಶನ್ ಅಥವಾ ರ‍್ಯಾಂಡಮ್ ಫಾರೆಸ್ಟ್‌ನಿಂದ ಆರಂಭಿಸಿ. ಎಲ್ಲಿ ತಪ್ಪಿತೆಂದು ವೈದ್ಯರ ಮುಂದೆ ಕುಳಿತು ವಿವರಿಸಲು ಇವುಗಳಲ್ಲಿ ಸಾಧ್ಯ. ಅಲ್ಪಾವಧಿಯ ಸಂಕೇತಗಳಿಗೆ ಫೂರಿಯರ್‌ಗಿಂತ ವೇವ್ಲೆಟ್ ಪರಿವರ್ತನೆ ಹೆಚ್ಚು ಒಗ್ಗುತ್ತದೆ, ಅದನ್ನೂ ಪ್ರಯತ್ನಿಸಬಹುದು. ಸ್ಪೆಕ್ಟ್ರಮ್‌ನ ಚಿತ್ರವನ್ನೇ ಓದುವ ನ್ಯೂರಲ್ ನೆಟ್‌ವರ್ಕ್ ಬೇಕಿದ್ದರೆ ಸಾವಿರಾರು ಗುರುತು ಹಾಕಿದ ಘಟನೆಗಳು ಬೇಕು.

ತರಬೇತಿಯ ಮತ್ತು ಪರೀಕ್ಷೆಯ ದತ್ತಾಂಶವನ್ನು ಘಟನೆಗಳ ಮಟ್ಟದಲ್ಲಿ ಅಲ್ಲ, ರೋಗಿಗಳ ಮಟ್ಟದಲ್ಲಿ ಬೇರ್ಪಡಿಸಬೇಕು. ಒಬ್ಬರದೇ ಐವತ್ತು ಸಂಕೇತಗಳು ಎರಡೂ ಕಡೆ ಹಂಚಿಹೋದರೆ, ಯಂತ್ರ ಆ ವ್ಯಕ್ತಿಯ ಹರಿವಿನ ಗುರುತನ್ನು ಕಲಿತು ಅಂಕ ಗಿಟ್ಟಿಸುತ್ತದೆ. ಹೊಸ ರೋಗಿ ಬಂದ ದಿನ ಬಣ್ಣ ಬಯಲಾಗುತ್ತದೆ.

ಹೆಪ್ಪೋ ಗುಳ್ಳೆಯೋ

ಅನಿಲದ ಗುಳ್ಳೆ ಹೆಪ್ಪಿಗಿಂತ ಬಹಳ ಜೋರಾಗಿ ಪ್ರತಿಧ್ವನಿಸುತ್ತದೆ, ಆದರೆ ಸಣ್ಣ ಗುಳ್ಳೆಯೊಂದು ದೊಡ್ಡ ಹೆಪ್ಪಿನಷ್ಟೇ ಸದ್ದು ಮಾಡಬಲ್ಲದಾದ್ದರಿಂದ ಬಲವೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಲೋಹದ ಕವಾಟ ಅಳವಡಿಸಿಕೊಂಡವರಲ್ಲಿ ಈ ಪ್ರಶ್ನೆ ತೀವ್ರವಾಗಿ ಬರುತ್ತದೆ. ನಮ್ಮಲ್ಲಿ ರುಮಾಟಿಕ್ ಜ್ವರದಿಂದ ಕವಾಟ ಕೆಟ್ಟವರು ಕಡಿಮೆಯಿಲ್ಲ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು 1990ರಲ್ಲಿ ಮೊದಲ ಬಾರಿಗೆ ಅಳವಡಿಸಲಾದ ಚಿತ್ರಾ ಕವಾಟವೂ ಸೇರಿದಂತೆ ಯಾಂತ್ರಿಕ ಕವಾಟಗಳು ಸಾವಿರಾರು ಜನರ ಎದೆಯಲ್ಲಿ ಬಡಿಯುತ್ತಿವೆ. ಯಾಂತ್ರಿಕ ಕವಾಟ ಮುಚ್ಚುವ ರಭಸಕ್ಕೆ ರಕ್ತದಲ್ಲಿ ಕ್ಷಣಕಾಲ ಗುಳ್ಳೆಗಳೇಳುತ್ತವೆ. ಇಂತಹವರಿಗೆ ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟಾಗ ಸಂಕೇತಗಳ ಸಂಖ್ಯೆ ಗಣನೀಯವಾಗಿ ಇಳಿಯುವುದು ಕಂಡುಬಂದಿದೆ. ಹಾಗೆ ಇಳಿದದ್ದು ಗುಳ್ಳೆ, ಉಳಿದದ್ದರ ಮೇಲೆ ಅನುಮಾನ ಇಟ್ಟುಕೊಳ್ಳಬೇಕು.

2 ಮತ್ತು 2.5 ಮೆಗಾಹರ್ಟ್ಝ್ ಎರಡರಲ್ಲೂ ಒಟ್ಟಿಗೆ ದಾಖಲಿಸುವ ಉಪಕರಣಗಳು ಈ ಶತಮಾನದ ಆರಂಭದಿಂದ ಲಭ್ಯ. ಘನ ಕಣ ಹೆಚ್ಚಿನ ಆವರ್ತನದಲ್ಲಿ, ಗುಳ್ಳೆ ಕಡಿಮೆ ಆವರ್ತನದಲ್ಲಿ ಹೆಚ್ಚು ಪ್ರತಿಧ್ವನಿಸುತ್ತದೆ ಎಂಬುದು ಅವುಗಳ ತತ್ವ. ತತ್ವ ಸೊಗಸಾಗಿದೆ. ಆದರೆ ಸ್ವತಂತ್ರವಾಗಿ ಪರೀಕ್ಷಿಸಿದಾಗ ಫಲಿತಾಂಶ ಅಷ್ಟು ಸೊಗಸಾಗಿ ಬರಲಿಲ್ಲ. ಒಬ್ಬ ರೋಗಿಯ ಒಂದು ಸಂಕೇತದ ಮೇಲೆ ‘ಇದು ಘನ’ ಎಂಬ ಮುದ್ರೆಯನ್ನು ಇದರಿಂದಲೇ ಒತ್ತಲು ನಾನು ಒಪ್ಪುವುದಿಲ್ಲ.

ಏಳನೆಯ ಹಂತ: ಯಂತ್ರವನ್ನು ಅಳೆಯುವುದು

ಅಳೆಯಲು ಸತ್ಯದ ಗುರುತು ಬೇಕು, ಇಲ್ಲಿ ಆ ಗುರುತು ಮನುಷ್ಯರ ಕಿವಿಯದೇ. ಕನಿಷ್ಠ ಇಬ್ಬರು ಅನುಭವಿಗಳು, ಒಬ್ಬರ ಗುರುತು ಇನ್ನೊಬ್ಬರಿಗೆ ಕಾಣದಂತೆ, ಯಂತ್ರದ ಗುರುತು ಇಬ್ಬರಿಗೂ ಕಾಣದಂತೆ, ಪೂರ್ಣ ದಾಖಲೆಯನ್ನು ಕೇಳಬೇಕು. ಯಂತ್ರ ತೋರಿಸಿದ ತುಣುಕುಗಳನ್ನು ಮಾತ್ರ ಕೇಳಿಸಿದರೆ ಯಂತ್ರ ಬಿಟ್ಟದ್ದು ಯಾರಿಗೂ ತಿಳಿಯುವುದಿಲ್ಲ. ಇಬ್ಬರ ನಡುವಿನ ಹೊಂದಿಕೆಯನ್ನು ಕಾಪ್ಪಾ ಅಂಕದಿಂದ ಅಳೆದು, ಭಿನ್ನಾಭಿಪ್ರಾಯ ಬಂದಲ್ಲಿ ಮೂರನೆಯವರ ತೀರ್ಪು ಪಡೆಯಿರಿ. 5 ಡೆಸಿಬೆಲ್‌ನ ಸಂಕೇತಗಳ ಮೇಲೆ ಪಳಗಿದ ಕಿವಿಗಳೂ ಜಗಳವಾಡುತ್ತವೆ. ಅಲ್ಲಿ ಯಂತ್ರದಿಂದ ಪೂರ್ಣಾಂಕ ನಿರೀಕ್ಷಿಸುವುದು ನ್ಯಾಯವಲ್ಲ.

ಅಂಕಗಳನ್ನು ಹೇಗೆ ಬರೆಯಬೇಕೆಂಬುದಕ್ಕೆ ಕಲ್ಪಿತ ಲೆಕ್ಕವೊಂದನ್ನು ತೆಗೆದುಕೊಳ್ಳೋಣ. 20 ಗಂಟೆಗಳ ದಾಖಲೆಯಲ್ಲಿ ಕೇಳುಗರು 60 ಸಂಕೇತ ಗುರುತಿಸಿದ್ದಾರೆ, ಯಂತ್ರ 75 ತೋರಿಸಿದೆ, ಹೊಂದಿಕೆಯಾದವು 51. ಆಗ ಯಂತ್ರ ಹಿಡಿದದ್ದು ಶೇ. 85, ಅದು ತೋರಿಸಿದ್ದರಲ್ಲಿ ನಿಜವಾದದ್ದು ಶೇ. 68, ಹುಸಿ ಎಚ್ಚರಿಕೆ ಗಂಟೆಗೆ 1.2. ಇದೇ ಯಂತ್ರವನ್ನು ‘ಶೇ. 99.9998 ನಿರ್ದಿಷ್ಟತೆ’ (ಹೆಪ್ಪಿಲ್ಲದ ತುಣುಕುಗಳಲ್ಲಿ ‘ಇಲ್ಲ’ ಎಂದು ಸರಿಯಾಗಿ ಹೇಳಿದ ಪಾಲು) ಎಂದೂ ಜಾಹೀರು ಮಾಡಬಹುದು: 20 ಗಂಟೆಯಲ್ಲಿ 1 ಕೋಟಿ 35 ಲಕ್ಷ ತುಣುಕುಗಳಿದ್ದು ತಪ್ಪಿದ್ದು 24 ಮಾತ್ರವಲ್ಲವೇ! ನಿರ್ದಿಷ್ಟತೆಯ ಬದಲು ಗಂಟೆಗೆ ಎಷ್ಟು ಹುಸಿ ಎಂದು ಕೇಳುವುದನ್ನು ರೂಢಿಸಿಕೊಳ್ಳಿ. ಗಂಟೆಗೆ 1.2 ಹುಸಿ ಎಂದರೆ, ಒಂದೇ ಸಂಕೇತ ಕಂಡ ಮಾತ್ರಕ್ಕೆ ‘ಇದೆ’ ಎಂದು ಹೇಳುವ ಪರೀಕ್ಷೆಗೆ ಈ ಯಂತ್ರವನ್ನು ಒಂಟಿಯಾಗಿ ಬಿಡಲಾಗದು. ಅದೇ ಯಂತ್ರ 20 ಗಂಟೆಯ ದಾಖಲೆಯಿಂದ 75 ತುಣುಕು ಆರಿಸಿ ಕೊಟ್ಟರೆ ಕೇಳುಗರ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇಂದಿಗೆ ಇದರ ಪ್ರಾಮಾಣಿಕ ಬಳಕೆ ಇದೇ: ಆರಿಸುವುದು ಯಂತ್ರ, ಒಪ್ಪುವುದು ಮನುಷ್ಯ. ಅದಕ್ಕೂ ಮೀರಿ ಚಿಕಿತ್ಸೆಯ ನಿರ್ಧಾರಕ್ಕೆ ಬಳಸುವುದಾದರೆ, ಭಾರತದಲ್ಲಿ ಇಂತಹ ತಂತ್ರಾಂಶವೂ ವೈದ್ಯಕೀಯ ಸಾಧನವೆಂದೇ ಪರಿಗಣಿತವಾಗುವುದರಿಂದ 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಪರವಾನಗಿಯ ದಾರಿಯನ್ನೂ, ರೋಗಿಗಳ ದತ್ತಾಂಶ ಮುಟ್ಟುವ ಮೊದಲೇ ನೈತಿಕ ಸಮಿತಿಯ ಅನುಮತಿಯನ್ನೂ ನೋಡಿಕೊಳ್ಳಬೇಕು.

ಕೊನೆಯ ಹಂತ: ವರದಿಯ ಸಾಲುಗಳು

ವರದಿಯಲ್ಲಿ ಉಪಕರಣ, ಪ್ರೋಬಿನ ಆವರ್ತನ, ಅಪಧಮನಿ, ಎರಡೂ ಆಳಗಳು, ಮಾದರಿ ಗಾತ್ರ, ಕಿಟಕಿಯ ಗಾತ್ರ ಮತ್ತು ಹಾಯುವಿಕೆ, ಶೋಧಕದ ಮಿತಿ, ಡೆಸಿಬೆಲ್ ಮಿತಿ, ತಂತ್ರಾಂಶದ ಆವೃತ್ತಿ ಇರಲಿ. ದಾಖಲಿಸಿದ ಅವಧಿಯ ಜೊತೆ ನಿಜವಾಗಿ ಬಳಸಬಹುದಾದ ಅವಧಿಯನ್ನೂ ಬರೆಯಿರಿ. ಪ್ರೋಬ್ ಜಾರಿದ ಹನ್ನೆರಡು ನಿಮಿಷ ಸಂಕೇತವಿಲ್ಲದ ಹನ್ನೆರಡು ನಿಮಿಷವಲ್ಲ.

ಸೊನ್ನೆ ಬಂದಾಗ ಹೆಚ್ಚಿನ ಎಚ್ಚರ ಬೇಕು. ಗಂಟೆಗೆ ಸರಾಸರಿ ಎರಡು ಕಿರುಹೆಪ್ಪು ಹಾಯುವ ವ್ಯಕ್ತಿಯಲ್ಲಿ, ಅವು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂದುಕೊಂಡರೂ, ಒಂದು ಗಂಟೆಯ ದಾಖಲೆ ಸೊನ್ನೆ ತೋರಿಸುವ ಸಂಭವ ಸುಮಾರು ಶೇ. 13.5; ಅರ್ಧ ಗಂಟೆಯದಾದರೆ ಶೇ. 37. ವಾಸ್ತವದಲ್ಲಿ ಅವು ಗುಂಪುಗುಂಪಾಗಿ ಬರಬಲ್ಲವಾದ್ದರಿಂದ ತಪ್ಪಿಹೋಗುವ ಸಂಭವ ಇನ್ನೂ ಹೆಚ್ಚು. ಹಾಗಾಗಿ ನಮ್ಮ ವರದಿಗಳಲ್ಲಿ ‘ಕಿರುಹೆಪ್ಪುಗಳಿಲ್ಲ’ ಎಂಬ ಸಾಲು ಇರುವುದಿಲ್ಲ. ‘ಎರಡೂ ಮಧ್ಯ ಸೆರೆಬ್ರಲ್ ಅಪಧಮನಿಗಳಲ್ಲಿ, ಬಳಸಬಹುದಾದ 48 ನಿಮಿಷಗಳಲ್ಲಿ, 7 ಡೆಸಿಬೆಲ್ ಮಿತಿಯಲ್ಲಿ, ಯಂತ್ರ ಆರಿಸಿದ ಮೂರು ಸಂಕೇತಗಳನ್ನು ಇಬ್ಬರು ಕೇಳಿದ ಬಳಿಕ, ಒಪ್ಪಿದ ಸಂಕೇತಗಳು: ಸೊನ್ನೆ’ ಎಂದು ಇರುತ್ತದೆ.